ಚಪ್ಪಲಿ ಮೆಟ್ಟದೆ ದೇಶ ಸುತ್ತಿದ್ದು

ನಿವೃತ್ತಿಯಾದವನ ಬದುಕಿನಲ್ಲಿ ಏನೂ ನಡೆಯುವುದಿಲ್ಲ ಎಂದು ನೌಕರಿಯಲ್ಲಿದ್ದವರು ತಿಳಿದುಕೊಂಡಿರುತ್ತಾರೆ. ನನ್ನ ಅನುಭವ ಬೇರೆ. ಮುಂಜಾನೆ ಚಹಾ ಕುಡಿದು ಕಟ್ಟೆಯ ಮೇಲೆ ಸುಮ್ಮನೆ ಕುಳಿತರೆ ಸಾಕು, ಏನಾದರೊಂದು ತಾನಾಗಿಯೇ ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬರುತ್ತದೆ.

ನಾನು ಮೂವತ್ತೆರಡು ವರ್ಷ ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸಿದವನು. ನಾರ್ವೆಯ ಕಡಲಂಚನ್ನು ಪುಸ್ತಕ ನೋಡದೆ ಕರಿಹಲಗೆಯ ಮೇಲೆ ಖಡುವಿನಿಂದ ಬರೆಯಬಲ್ಲೆ. ನೈಲ್ ನದಿ ಎಲ್ಲೆಲ್ಲಿ ತಿರುಗಿ ಎಲ್ಲಿ ಸಮುದ್ರ ಸೇರುತ್ತದೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಆದರೆ ಖುದ್ದಾಗಿ ಹೋದದ್ದು ಎಷ್ಟು ಎಂದು ಕೇಳಿದರೆ ಉತ್ತರಕ್ಕೆ ಪುಣೆ, ದಕ್ಷಿಣಕ್ಕೆ ಮೈಸೂರು, ಪೂರ್ವಕ್ಕೆ ಬಳ್ಳಾರಿ, ಅದೂ ಒಂದು ಮದುವೆಗೆ. ಪಶ್ಚಿಮಕ್ಕೆ ಗೋವಾ. ಗೋವಾಕ್ಕೆ ಮಾತ್ರ ಹನ್ನೊಂದು ಸಲ ಹೋಗಿದ್ದೇನೆ, ಪ್ರತಿ ಸಲವೂ ಶಾಲೆಯ ಪ್ರವಾಸದ ಬಸ್ಸಿನಲ್ಲಿ, ಹುಡುಗರ ತಲೆ ಎಣಿಸುತ್ತ. ಸಮುದ್ರ ನೋಡಿದ್ದಕ್ಕಿಂತ ತಲೆ ನೋಡಿದ್ದೇ ಹೆಚ್ಚು. ಇಂಥವನ ಕೈಗೆ ಅರವತ್ತಾರನೆಯ ವಯಸ್ಸಿನಲ್ಲಿ ಒಂದು ವಿಪಿಎನ್ ಸಿಕ್ಕಿತು. ಆಮೇಲೆ ಆದದ್ದನ್ನೆಲ್ಲ ಆದ ಹಾಗೆಯೇ ಹೇಳುತ್ತೇನೆ.

೧. ಚಿಲಕದ ಮೇಲೆ ಕೈ

ಇದು ಶುರುವಾದದ್ದು ನನ್ನಿಂದಲ್ಲ, ನಮ್ಮಾಕಿಯಿಂದ, ಅಂದರೆ ನನ್ನ ಹೆಂಡತಿಯಿಂದ. ಮಧ್ಯಾಹ್ನದ ಪಾತ್ರೆ ತೊಳೆದು ಮಗುಚಿಟ್ಟ ಮೇಲೆ ಆಕೆಯೂ ಪಕ್ಕದ ಮನೆಯ ಅಕ್ಕೋರೂ ಫೋನನ್ನು ಒಂದು ಚೊಂಬಿಗೆ ಒರಗಿಸಿಟ್ಟು ಧಾರಾವಾಹಿ ನೋಡುತ್ತಾರೆ. ಅಕ್ಕೋರು ಮಿಷನ್ ಶಾಲೆಯೊಂದರ ನಿವೃತ್ತ ಮುಖ್ಯೋಪಾಧ್ಯಾಯಿನಿ. ಕೇಶ್ವಾಪುರದ ನಮ್ಮ ಓಣಿಯಲ್ಲಿ ಅರ್ಧ ಮಂದಿಗೆ ಅಕ್ಷರ ಕಲಿಸಿದವರು, ಉಳಿದರ್ಧ ಮಂದಿಗೆ ಅಂಜಿಕೆ ಕಲಿಸಿದವರು.

ಧಾರಾವಾಹಿ ಯಾವುದೋ ಕಡಲತೀರದ ಪರದೇಶದ್ದು, ಮಾತು ಮಾತ್ರ ಹಿಂದಿಯಲ್ಲಿ ಕೂಡಿಸಿದ್ದು. ಗುಡ್ಡದ ಮೇಲೆ ಜೇನು ಮಾರುವ ಹುಡುಗಿ, ಕೆಳಗೆ ದೋಣಿ ನಡೆಸುವ ಹುಡುಗ. ಇಬ್ಬರೂ ಯಾರಿಗೂ ಹೇಳದೆ ಮದುವೆಯಾಗಿದ್ದಾರೆ; ಹುಡುಗನ ತಾಯಿಗೆ ಈ ಸೊಸೆ ಬೇಡ. ಕಡೆಗೊಂದು ದಿನ ಜೇನಿನ ಹುಡುಗಿ ಮಳೆಯಲ್ಲಿ ತೊಯ್ಸಿಕೊಂಡು ಬಂದು ಅತ್ತೆಯ ಬಾಗಿಲು ಬಡಿಯುತ್ತಾಳೆ. ಅತ್ತೆ ಎದ್ದು ಬರುತ್ತಾಳೆ. ಒಳಗಿನಿಂದ ಚಿಲಕದ ಮೇಲೆ ಕೈ ಇಡುತ್ತಾಳೆ. ಅಲ್ಲಿಗೆ ಆ ಭಾಗ ಮುಗಿಯಿತು. ಮುಂದಿನ ಭಾಗ ಒತ್ತಿದರೆ ಒಂದೇ ಸಾಲು ಬಂತು: ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.

"ಯಾಕ್ರಿ, ನಮ್ಮ ಪ್ರದೇಶಕ್ಕ ಏನ್ ಧಾಡಿ ಆಗೈತಿ?" ಎಂದಳು ನಮ್ಮಾಕಿ.

ನಾಲ್ಕು ತಿಂಗಳು ಆ ಅತ್ತೆಯ ಕೈ ಚಿಲಕದ ಮೇಲೆಯೇ ಇತ್ತು. ರೊಟ್ಟಿ ಬಡಿಯುವಾಗ ನಡುವೆ ಕೈ ನಿಲ್ಲಿಸಿ, "ತಗದಿರ್ತಾಳಂತೀರೇನು?" ಎನ್ನುವಳು. ಯಾರು, ಏನು ಎಂದು ನಾನೂ ಕೇಳುತ್ತಿರಲಿಲ್ಲ. "ತಗದಿರಬೇಕು," ಎನ್ನುವೆ. "ನಿಮಗೇನ್ ಗೊತ್ತು ಅತ್ತಿಗೋಳ ಸುದ್ದಿ," ಎಂದು ಮತ್ತೆ ಬಡಿಯತೊಡಗುವಳು.

ಶಿವರಾತ್ರಿ ಮುಗಿದ ವಾರ ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಮೊದಲು ಬಲಗಣ್ಣು ಮಾಡೋಣ ಎಂದು ಮೂರು ವಾರದ ನಂತರದ ದಿನ ಕೊಟ್ಟರು. ಆಪರೇಷನ್ ಆದ ಮೇಲೆ ಕೆಲ ವಾರ ಮೊಬೈಲ್ ಮುಟ್ಟುವ ಹಾಗಿಲ್ಲ. ಆ ಸಂಜೆ ಆಕೆ ಮೆಲ್ಲಗೆ ಹೇಳಿದಳು: "ನನಗ ಆಪರೇಷನ್ ಅಂದ್ರ ಅಂಜಿಕಿ ಐತ್ರಿ. ಆದ್ರೂ ಹೋಗ್ತೇನಿ. ಹೋಗೂದ್ರಾಗ ಆಕಿ ಚಿಲಕ ತಗೀತಾಳೋ ಇಲ್ಲೋ ಅದೊಂದು ನೋಡಿಬಿಡ್ತೇನಿ. ಆಮ್ಯಾಲೆ ಕಣ್ಣ ಕಟ್ಟಿ ಮಲಗಸಿದ್ರೂ ಅದನ್ನ ನೆನಸ್ಕೊಂತ ಮಲಗ್ತೇನಿ."

"ಎರಡ ದಿನದಾಗ ಹುಡುಕಿ ಕೊಡ್ತೇನಿ," ಎಂದು ನಾನು ಮಾತು ಕೊಟ್ಟೆ.

ಮರುದಿನ ಉಣಕಲ್ ಕೆರೆಯ ದಂಡೆಯಲ್ಲಿ, ನನ್ನ ಜೊತೆ ಅಡ್ಡಾಡಲು ಬರುವ ಗೆಳೆಯನಿಗೆ ಇದನ್ನು ಹೇಳಿದೆ. ಆತ ಟೆಲಿಫೋನ್ ಖಾತೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ತಂತಿಯ ಕಾಲದಿಂದಲೂ ಮಾತು ಎಲ್ಲಿ ಹೊಕ್ಕು ಎಲ್ಲಿ ಹೊರಡುತ್ತದೆ ಎಂಬುದು ಆತನಿಗೆ ಗೊತ್ತು.

"ಅದಕ್ಕೇನ್ ಮಾಸ್ತರ, ವಿಪಿಎನ್ ಹಾಕೋರಿ," ಎಂದ.

"ಅಂದ್ರ?"

"ಈಗ ನೀವು ಹುಬ್ಬಳ್ಯಾಗ ಕುಂತ ಒಂದ ಪತ್ರ ಬರದ್ರಿ. ಇಲ್ಲಿ ಪೋಸ್ಟಿಗೆ ಹಾಕಲಿಲ್ಲ, ಧಾರವಾಡಕ್ಕ ಹೊಂಟಾಂವನ ಕೈಯಾಗ ಕೊಟ್ಟು ಅಲ್ಲಿ ಹಾಕ್ಸಿದ್ರಿ. ಮುದ್ರಿ ಯಾವೂರಿಂದು ಬೀಳ್ತೈತಿ?"

"ಧಾರವಾಡದ್ದು."

"ಅಷ್ಟ. ಓದಾಂವ ನೀವು ಧಾರವಾಡದಾಗ ಇದ್ದೀರಿ ಅಂತ ತಿಳ್ಕೊಂತಾನ. ಧಾರವಾಡದ ಬದ್ಲಿ ಯಾವ ದೇಶರ ಇಟ್ಕೋರಿ. ಆ ಧಾರಾವಾಹಿ ಯಾವ ದೇಶದಾಗ ನಡದೈತಿ, ಆ ದೇಶದ ಮುದ್ರಿ ಹೊಡಕೊಂಡ್ರ ಮುಗೀತು."

ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ನನ್ನ ಫೋನಿಗೆ ಅದನ್ನು ಹಾಕಿಕೊಟ್ಟ. ಮನೆಗೆ ಬಂದು ನಾನು ಇದನ್ನೆಲ್ಲ, ಪತ್ರ ಮುದ್ರೆ ಸಮೇತ, ನಮ್ಮಾಕಿಗೆ ವಿವರಿಸಿದೆ.

"ಅಂದ್ರ ನಾವು ಆ ದೇಶಕ್ಕ ಹೋದಂಗನ?"

"ಹೋದಂಗ."

"ಯಾರ ಮನಿಗೆ ಬಂದೀರಿ ಅಂತ ಕೇಳಿದ್ರ ಯಾರ ಹೆಸರ ಹೇಳೂದು?"

೨. ಕೈರೋದಲ್ಲಿ ಬಿಸಿಲು

ಆ ಪಟ್ಟಿಯನ್ನು ನೀವು ನೋಡಬೇಕು. ಬೆರಳು ಮೇಲಕ್ಕೆ ಸರಿಸಿದರೆ ದೇಶಗಳು ಒಂದರ ಹಿಂದೊಂದು ತೇಲಿ ಬರುತ್ತವೆ, ಪ್ರತಿಯೊಂದರ ಪಕ್ಕಕ್ಕೆ ಪುಟ್ಟ ಬಾವುಟ. ಮೂವತ್ತೆರಡು ವರ್ಷ ಕೋಲಿನಿಂದ ತೋರಿಸಿದ ದೇಶಗಳು. ಅವು ಈಗ ನನ್ನ ಅಂಗೈಯಲ್ಲಿ ಸಾಲಾಗಿ ನಿಂತು, ಮಾಸ್ತರ, ನಮ್ಮಲ್ಲಿಗೂ ಒಮ್ಮೆ ಬರ್ರಿ ಎನ್ನುತ್ತಿದ್ದವು. ಧಾರಾವಾಹಿ ಯಾವ ದೇಶದಲ್ಲಿದೆಯೋ ಒಂದೊಂದಾಗಿ ನೋಡಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೊದಲು ಈಜಿಪ್ತ್ ಒತ್ತಿದೆ.

ಗುಂಡಿ ಹಸಿರಾಯಿತು. ಅಷ್ಟೇ ಆದದ್ದು. ಆದರೆ ನಿಜ ಹೇಳುತ್ತೇನೆ, ಕಟ್ಟೆಯ ಮೇಲಿನ ಗಾಳಿ ಕೂಡ ಬೇರೆಯೆನಿಸಿತು. ಎದುರಿನ ಬೇವಿನ ಮರದ ನೆರಳು ನೀರಿನ ಹಾಗೆ ಅಲ್ಲಾಡುತ್ತಿತ್ತು. ಯಾವುದೋ ವಾಹಿನಿಯಲ್ಲಿ ಒಬ್ಬ ಮುದುಕ ನೈಲ್ ನದಿಯಲ್ಲಿ ಹಾಯಿದೋಣಿ ನಡೆಸುತ್ತಿದ್ದ. ನಾನು ದೋಣಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕುಳಿತೆ. ಒಂದು ಕೊಕ್ಕರೆ ನಮ್ಮ ಜೊತೆ ಜೊತೆಗೇ ಹಾರುತ್ತಿತ್ತು.

"ಏನ್ರೀ," ಎಂದು ಮಾಳಿಗೆಯ ಮೇಲಿನಿಂದ ನಮ್ಮಾಕಿಯ ದನಿ. "ಸಂಡಿಗಿ ಹಾಕಬೇಕಂದೇನಿ. ಮಳಿ ಗಿಳಿ ಬರೂದೈತೇನು ಫೋನಿನ್ಯಾಗ ನೋಡ್ರಿ."

ನೋಡಿದೆ. ದಿನವಿಡೀ ಬಿಸಿಲು, ಮೋಡವಿಲ್ಲ, ಮಳೆಯ ಸಂಭವ ಸೊನ್ನೆ. "ಬರೂದುಲ್ಲ, ಬೇಕಾದಷ್ಟು ಹಾಕು," ಎಂದು ಕೂಗಿ ಹೇಳಿ ಮತ್ತೆ ದೋಣಿ ಹತ್ತಿದೆ.

ಆಕೆ ಎರಡು ಹಳೇ ಸೀರೆ ಹಾಸಿ, ತನ್ನ ಮಂಜುಗಣ್ಣಿನಲ್ಲೇ ಸಾಲು ತಪ್ಪದಂತೆ ಅಕ್ಕಿಯ ಸಂಡಿಗೆ ಹಾಕಿದಳು. ಮಧ್ಯಾಹ್ನ ಮೂರಕ್ಕೆ ಅಡ್ಡಮಳೆ ಬಂತು. ಹನಿ ಬೀಳುವ ಸಪ್ಪಳ ನನಗೂ ಕೇಳಿಸಿತ್ತು. ದೋಣಿಯ ಹಾಯಿ ಬಡಿಯುವ ಸಪ್ಪಳ ಇರಬೇಕು ಅಂದುಕೊಂಡಿದ್ದೆ. ನಾನು ಮಾಳಿಗೆ ಹತ್ತುವುದರೊಳಗೆ ಸಂಡಿಗೆಯೆಲ್ಲ ಕರಗಿ ಗಂಜಿಯಾಗಿ ನೀರಿನ ಕೊಳವೆಯ ಕಡೆ ಹೊರಟಿತ್ತು.

ನಮ್ಮಾಕಿ ಸೆರಗು ಹಿಂಡುತ್ತ ಕೇಳಿದಳು: "ನೀವು ಯಾವೂರ ಮಳಿ ನೋಡಿದ್ರಿ?"

"ಕೈರೋ," ಎಂದೆ.

"ಹಂಗಾರ ಸಂಡಿಗೀನೂ ಅಲ್ಲೇ ಹಾಕಿ ಬರಬೇಕಿತ್ತಿಲ್ಲ?"

೩. ಬುಧವಾರದ ರೈಲು

ಮುಂದಿನ ವಾರ ನಾರ್ವೆ. ಅಲ್ಲಿಯ ಒಂದು ವಾಹಿನಿಯಲ್ಲಿ ರೈಲೊಂದು ಹೋಗುತ್ತದೆ, ಅಷ್ಟೇ ಕಾರ್ಯಕ್ರಮ. ಎಂಜಿನ್ನಿನ ಮುಂದೆ ಕ್ಯಾಮೆರಾ ಕಟ್ಟಿದ್ದಾರೆ. ಮಾತಿಲ್ಲ, ಕತೆಯಿಲ್ಲ. ಹಳಿ, ಹಿಮ, ಆಗಾಗ ಕೆಂಪು ಬಣ್ಣದ ಒಂದು ಮನೆ, ಮತ್ತೆ ಹಿಮ. ಇದನ್ನು ಫೋನಿನಲ್ಲಿ ನೋಡುವುದು ಅನ್ಯಾಯ, ದೊಡ್ಡ ಟಿವಿಯಲ್ಲಿ ನೋಡಬೇಕು ಎನಿಸಿತು. ಫೋನಿನಲ್ಲಿದ್ದುದನ್ನು ಟಿವಿಗೆ ಕಳಿಸುವ ಗುಂಡಿ ಯಾವುದೆಂದು ಗೆಳೆಯ ತೋರಿಸಿಕೊಟ್ಟಿದ್ದ. ಒತ್ತಿದೆ. 'ಟಿವಿ' ಎಂದು ಕಾಣಿಸಿತು. ಅದನ್ನೂ ಒತ್ತಿದೆ. ನಮ್ಮ ಟಿವಿ ಕಪ್ಪಗೆಯೇ ಉಳಿಯಿತು. ಹಳೇ ಡಬ್ಬಿ, ಅದಕ್ಕೆ ಹಿಮ ತಡೆಯುವುದಿಲ್ಲ ಎಂದುಕೊಂಡು ಫೋನಿನಲ್ಲೇ ನೋಡುತ್ತ ಕುಳಿತೆ.

ಇಲ್ಲೊಂದು ಮಾತು ಹೇಳಬೇಕು. ಅಕ್ಕೋರ ಮನೆಗೂ ನಮ್ಮ ಮನೆಗೂ ಸೇರಿ ಒಂದೇ ವೈಫೈ. ಗೋಡೆಯ ಆಚೆ ಈಚೆ ಎರಡು ಸಂಸಾರ, ಎರಡೆರಡು ಯಾಕೆ ಎಂದು ಅಕ್ಕೋರೇ ನಿರ್ಧಾರ ಮಾಡಿದ್ದು. ಮತ್ತು ಬುಧವಾರ ಸಂಜೆ ಅಕ್ಕೋರ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಪ್ರಾರ್ಥನೆ ಮಾಡುತ್ತಾರೆ. ಅವತ್ತು ಬುಧವಾರ.

ಅರ್ಧ ತಾಸು ನಾನು ಆ ರೈಲಿನಲ್ಲಿದ್ದೆ. ಒಂದು ಉದ್ದನೆಯ ಸುರಂಗ ಬಂತು, ಪೂರಾ ಕತ್ತಲು, ಆಮೇಲೆ ಒಮ್ಮೆಲೇ ಬೆಳ್ಳನೆಯ ಬಯಲು. ನನ್ನ ಕಣ್ಣಲ್ಲಿ ನೀರು ಬಂತು. ಈ ಬಯಲನ್ನು ನಾನು ಸುಮ್ಮನೆ ಖಾಲಿ ಜಾಗ ಅಂತ ಬಿಟ್ಟು ನಕ್ಷೆ ಬರೆಯುತ್ತಿದ್ದೆನಲ್ಲ ಎಂದು.

ಆಗ ಬಾಗಿಲಲ್ಲಿ ಅಕ್ಕೋರು ನಿಂತಿದ್ದರು. ನಾನು ಅರಿವಿಲ್ಲದೆ ಎದ್ದು ನಿಂತು ಕೈಕಟ್ಟಿದೆ.

"ಮಾಸ್ತರ, ನಮ್ಮ ಟಿವ್ಯಾಗ ಬರ್ಫಿನ ರೈಲು ಬಿಟ್ಟಾವ್ರು ನೀವೇನು?"

"ತಪ್ಪಾತ್ರಿ ಅಕ್ಕೋರ. ನಾ ನಮ್ಮ ಟಿವಿಗೆ ಕಳಿಸಿದ್ದೆ."

"ಪಾದ್ರಿಯವರು ಕಣ್ಣ ಮುಚ್ಚಿ ಪ್ರಾರ್ಥನಿ ಮಾಡಾಕತ್ತಿದ್ರು. ಕಣ್ಣ ತಗದ ನೋಡ್ತಾರ, ಎಲ್ಲಾರೂ ಗ್ವಾಡಿಮ್ಯಾಲಿನ ಟಿವಿ ಕಡೆ ತಿರುಗಿ ಕುಂತೇವಿ. ನಾ ಮುಂಚೇನ ವ್ಯವಸ್ಥಾ ಮಾಡಿಟ್ಟೇನಿ ಅಂತ ತಿಳ್ಕೊಂಡ್ರು. ಅರ್ಧ ತಾಸು ಒಬ್ರೂ ಕೆಮ್ಮಲಿಲ್ಲ. ಸುರಂಗ ಮುಗದು ಬೆಳಕ ಬಂತಲ್ಲ, ಆವಾಗ ಎಲ್ಲಾರೂ ಒಮ್ಮೆಲೆ ಆಮೆನ್ ಅಂದ್ರು."

"ಇನ್ನೊಮ್ಮೆ ಹಿಂಗ ಆಗೂದುಲ್ರಿ."

"ಆಗೂದುಲ್ಲ ಅಂದ್ರ ಹೆಂಗ? ಮುಂದಿನ ಬುಧವಾರಕ್ಕ ಇದಕ್ಕಿಂತ ಉದ್ದನ್ನ ರೈಲು ನೋಡಿ ಇಡ್ರಿ ಅಂತ ಹೇಳಿ ಕಳಸ್ಯಾರ."

೪. ವಾಪಸ್ ಬಂದ ದಿನಾಂಕ

ಪ್ರತಿ ವರ್ಷ ನವೆಂಬರದಲ್ಲಿ ನಾನು ಜೀವಂತ ಇದ್ದೇನೆ ಎಂದು ಬರೆದುಕೊಡಬೇಕು, ಅದು ಪಿಂಚಣಿಯವರೆಲ್ಲರಿಗೂ ಗೊತ್ತಿದ್ದದ್ದೇ. ಹುಬ್ಬಳ್ಳಿಯಲ್ಲಿದ್ದೇನೆ ಎಂದು ಬರೆದುಕೊಡುವ ಪ್ರಸಂಗ ಬಂದದ್ದು ಮಾತ್ರ ಈ ವರ್ಷ. ಕರೆಂಟ್ ಬಿಲ್ ಕಟ್ಟಲೆಂದು ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆರೆದರೆ ಅದು ಮುಚ್ಚಿಕೊಂಡು ಕುಳಿತಿತ್ತು. ನಾನು ಹಿಂದಿನ ಸಂಜೆ ಹಾಲೆಂಡಿನ ಹೂವಿನ ತೋಟಗಳಲ್ಲಿ ಅಡ್ಡಾಡಿ ಬಂದಿದ್ದೆ. ಹೊರಗೆ ಬರುವಾಗ ಗುಂಡಿ ಆರಿಸುವುದನ್ನು ಮರೆತಿದ್ದೆ.

ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದಳು: "ಸರ್, ನೀವು ಪರದೇಶದಾಗ ಇದ್ದೀರಿ ಅಂತ ತೋರಸಾಕತ್ತೈತ್ರಿ. ಅದಕ್ಕ ಬಂದ್ ಆಗೈತಿ."

"ನಿಮ್ಮ ಮುಂದ ನಿಂತೇನಲ್ಲವಾ."

"ಅದು ನನಗ ಕಾಣಾಕತ್ತೈತ್ರಿ. ಸಿಸ್ಟಮ್ಮಿಗೆ ಕಾಣಬೇಕಲ್ರಿ."

ಒಂದು ಫಾರ್ಮ್ ಕೊಟ್ಟಳು. ಹೋದ ದೇಶ. ಹೋದ ಕಾರಣ. ವಾಪಸ್ ಬಂದ ದಿನಾಂಕ. ಮಾಸ್ತರಿಕೆ ಮಾಡಿದವನು ನಾನು, ಸುಳ್ಳು ಬರೆಯಲು ಕೈ ಬರುವುದಿಲ್ಲ. "ನಾ ಹೋಗೇ ಇಲ್ಲವಾ," ಎಂದೆ.

"ಹೋಗದ ವಾಪಸ್ ಬಂದೀರಿ ಅಂತ ನಾ ಹೆಂಗ ತಗೊಳ್ಲಿ ಸರ್?"

ನನ್ನ ಹಿಂದೆ ಹಳೇ ಹುಬ್ಬಳ್ಳಿಯ ಒಬ್ಬ ಕಾಳಿನ ವ್ಯಾಪಾರಿ ನಿಂತಿದ್ದ. "ಮಾಸ್ತರ, ಹೋಗಿ ಬಂದೇನಿ ಅಂತ ಬರೀರಿ, ಲಗೂ ಮುಗೀತೈತಿ," ಎಂದ. "ಇಷ್ಟ ಮಂದಿ ನಿಂತೇವಿ, ಯಾರೂ ಇಲ್ಲ ಅನ್ನೂದುಲ್ಲ."

ನಾನು ಯೋಚಿಸಿದೆ. ಒಂದು ಲೆಕ್ಕಕ್ಕೆ ಹೋಗಿದ್ದೆನಲ್ಲ. ಆ ಹಳದಿ ಹೂವಿನ ಸಾಲು, ಅದರ ಮೇಲೆ ಇಳಿದ ಸಂಜೆ, ನಿಧಾನ ತಿರುಗುವ ಗಾಳಿಯಂತ್ರ, ಇವನ್ನು ನೋಡಿದವನು ನಾನೇ. ದೇಶ: ನೆದರ್‌ಲ್ಯಾಂಡ್ಸ್ ಎಂದು ಬರೆದೆ. ವಾಪಸ್ ಬಂದ ದಿನಾಂಕ: ನಿನ್ನೆ, ಸಂಜೆ ಏಳಕ್ಕೆ, ಊಟದ ಹೊತ್ತಿಗೆ. ಕಾರಣದ ಜಾಗದಲ್ಲಿ ಪೆನ್ನು ನಿಂತಿತು. ಇದ್ದದ್ದನ್ನು ಇದ್ದ ಹಾಗೆ ಬರೆದೆ: ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಚಿಲಕ ತೆಗೆಯುತ್ತಾಳೋ ಇಲ್ಲವೋ ತಿಳಿಯಲು.

ಹುಡುಗಿ ಫಾರ್ಮ್ ಓದಿದಳು. ಇನ್ನೊಮ್ಮೆ ಓದಿದಳು. ಎಡಕ್ಕೆ ಬಲಕ್ಕೆ ನೋಡಿ, ಗಾಜಿನ ಕಿಂಡಿಗೆ ಬಾಯಿ ಹಚ್ಚಿ ಕೇಳಿದಳು: "ತಗದ್ಲೇನ್ರಿ ಸರ್?"

೫. ಇರಲಿ ಬಿಡ್ರಿ

ಇಷ್ಟು ಹೊತ್ತಿಗೆ ನಿಮಗೂ ಒಂದು ಸಂಶಯ ಬಂದಿರಬೇಕು. ಎರಡು ದಿನ ಅಂದದ್ದು ಹದಿನೆಂಟು ದಿನವಾಗಿತ್ತು. ನಾನು ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆ ನೋಡಿದ್ದೆ, ಪೆರುವಿನಲ್ಲಿ ಉಣ್ಣೆ ಕತ್ತರಿಸುವುದನ್ನು ನೋಡಿದ್ದೆ, ಜಪಾನಿನಲ್ಲಿ ಒಂದು ಇಡೀ ಸಂಜೆ ಒಬ್ಬ ಮನುಷ್ಯ ಚಹಾ ಮಾಡುವುದನ್ನು ನೋಡಿದ್ದೆ. ಅವನು ಕಪ್ಪು ತುಂಬಿಸುವ ಹೊತ್ತಿಗೆ ನಾನು ಎರಡು ಕಪ್ಪು ಕುಡಿದಿದ್ದೆ. ಪ್ರತಿ ದೇಶದಲ್ಲೂ ಮೊದಲು ಸ್ವಲ್ಪ ಊರು ನೋಡಿಬಿಡೋಣ, ಆಮೇಲೆ ಧಾರಾವಾಹಿ ಹುಡುಕೋಣ ಎನ್ನುವುದು, ಅಷ್ಟರಲ್ಲಿ ಊಟಕ್ಕೆ ಕರೆಯುವುದು. ನಮ್ಮಾಕಿ ಒಮ್ಮೆಯೂ ಅವಸರ ಮಾಡಲಿಲ್ಲ. "ಸಿಕ್ತೇನ್ರಿ?" ಎನ್ನುವಳು. "ಹುಡುಕಾಕತ್ತೇನಿ," ಎನ್ನುವೆ.

ಆಪರೇಷನ್ನಿನ ದಿನ ಬಂದೇ ಬಿಟ್ಟಿತು. ಆಟೋದಲ್ಲಿ ಕುಳಿತಾಗ ಕೇಳಿದಳು: "ಸಿಗಲಿಲ್ಲ, ಹೌದಿಲ್ರಿ?"

"ಇಲ್ಲ."

"ಇರಲಿ ಬಿಡ್ರಿ."

ಬೈದಿದ್ದರೆ ಚಲೋ ಇತ್ತು. ಆ 'ಇರಲಿ ಬಿಡ್ರಿ' ಕೇಶ್ವಾಪುರದಿಂದ ಆಸ್ಪತ್ರೆಯ ತನಕ ನನ್ನ ಪಕ್ಕದಲ್ಲಿ, ಆಟೋದ ಮೂರನೆಯ ಸವಾರಿಯ ಹಾಗೆ, ನನ್ನನ್ನು ಒತ್ತಿಕೊಂಡೇ ಕುಳಿತಿತ್ತು.

ಎಲ್ಲ ಸರಿಯಾಗಿಯೇ ಆಯಿತು. ಮಧ್ಯಾಹ್ನವೇ ಮನೆಗೆ ಕರೆತಂದೆ. ಬಲಗಣ್ಣಿಗೆ ಪಟ್ಟಿ, ಮೇಲೆ ಕಪ್ಪು ಚಷ್ಮಾ. ಎಡಗಣ್ಣಿಗೆ ಮೊದಲಿನದೇ ಮಂಜು. ಸಂಜೆ ಟೆಲಿಫೋನ್ ಗೆಳೆಯ ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದ. ಮಾತಿಗೆ ಮಾತು ಬಂದು ಧಾರಾವಾಹಿಯ ಸುದ್ದಿ ಬಂತು. ಯಾವ್ಯಾವ ದೇಶ ನೋಡಿದಿರಿ ಎಂದ. ನಾನು ಹೇಳತೊಡಗಿದೆ, ಹದಿಮೂರು ದೇಶ, ಒಂದೊಂದರ ಹವಾಮಾನ, ಬೆಳೆ, ಜನಜೀವನ ಸಮೇತ.

"ಅದೆಲ್ಲ ಖರೇ," ಎಂದ ಆತ. "ಅಲ್ಲಿ ಧಾರಾವಾಹಿ ಹೆಸರ ಒತ್ತಿ ನೋಡಿದ್ರೇನು?"

ನಾನು ಬಾಳೆಹಣ್ಣು ಸುಲಿಯತೊಡಗಿದೆ.

ಆತ ಫೋನ್ ಇಸಿದುಕೊಂಡು ಧಾರಾವಾಹಿಯ ಹೆಸರು ಕೇಳಿ, ಏನೋ ಓದಿ, ಪೋರ್ಚುಗಲ್ ಒತ್ತಿದ. ಜೇನಿನ ಹುಡುಗಿ, ಮಳೆ, ಬಾಗಿಲು. ಇಲ್ಲಿ ಉಳಿದುಹೋಗಿದ್ದ ಆ ಒಂದೇ ಕಡೆಯ ಕಂತು ಅಲ್ಲಿತ್ತು. ಪೂರಾ ಐದು ನಿಮಿಷವೂ ಹಿಡಿಯಲಿಲ್ಲ. ಫೋನ್ ನನ್ನ ಕೈಗಿಟ್ಟು ಹೇಳಿದ: "ಮಾಸ್ತರ, ನಿಮ್ಮನ್ನ ಮೊಸರು ತರಾಕ ಕಳಿಸಿದ್ರ ಎಮ್ಮಿ ಯಾವ ತಳಿ ಅಂತ ತಿಳ್ಕೊಂಡು ಬರಿಗೈಲೆ ಬರ್ತೀರಿ."

೬. ಮಾತಾಡುವ ಮಾವ

ಪೋರ್ಚುಗಲ್‌ನಲ್ಲಿ ಹಿಂದಿ ಇರಲಿಲ್ಲ. ಮಾತೂ ಪೋರ್ಚುಗೀಸ್, ಕೆಳಗಿನ ಅಕ್ಷರವೂ ಪೋರ್ಚುಗೀಸ್. ನಾನು ಇದನ್ನು ಹಾಸಿಗೆಯ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದೆ.

"ಅಲ್ರಿ, ಗೋವಾಕ್ಕ ಹನ್ನೊಂದ ಸಲ ಹೋಗೀರಿ," ಎಂದಳು ನಮ್ಮಾಕಿ ಚಷ್ಮಾದ ಹಿಂದಿನಿಂದ. "ಅಷ್ಟರ ತಿಳೀದಿಲ್ಲೇನು? ನನಗ ಹೆಂಗೂ ನೋಡಾಕ ಬರೂದುಲ್ಲ. ನೀವು ನೋಡ್ರಿ, ನನಗ ಹೇಳ್ರಿ."

ಗೋವಾದಲ್ಲಿ ನಾನು ಕಲಿತ ಮಾತು ಬಸ್ಸು ಎಷ್ಟಕ್ಕೆ ಹೊರಡುತ್ತದೆ ಎನ್ನುವುದೊಂದೇ, ಅದೂ ಕೊಂಕಣಿಯಲ್ಲಿ. ಆದರೆ ಹದಿನೆಂಟು ದಿನ ಆಕೆಯನ್ನು ಕಾಯಿಸಿದವನಿಗೆ ಇನ್ನೊಂದು 'ಇಲ್ಲ' ಹೇಳುವ ಧೈರ್ಯವಿರಲಿಲ್ಲ. "ತಿಳೀತೈತಿ," ಎಂದೆ. 

ಅಕ್ಕೋರು ಬಂದು ಖುರ್ಚಿಯ ಮೇಲೆ ಕುಳಿತಿದ್ದರು. ಅವರು ಒಮ್ಮೆ ಪರದೆಯನ್ನೂ ಒಮ್ಮೆ ನನ್ನನ್ನೂ ನೋಡಿ, ಕೈಯಲ್ಲಿದ್ದ ಹೆಣಿಗೆಯನ್ನು ತೊಡೆಯ ಮೇಲಿಟ್ಟರು.

ಕಂತು ಶುರುವಾಯಿತು. ಬಾಗಿಲ ಒಳಗೆ ಅತ್ತೆ ಏನೋ ಉದ್ದಕ್ಕೆ ಹೇಳಿದಳು. ಒಂದಕ್ಷರ ತಿಳಿಯಲಿಲ್ಲ. "ಏನಂತಾಳ್ರಿ?" ಎಂದಳು ನಮ್ಮಾಕಿ.

"ಇಷ್ಟ ಮಳ್ಯಾಗ ಯಾರು ಬಂದಾರ, ಅಂತಾಳ."

"ಅಷ್ಟ ಉದ್ದ ಹೇಳಿದ್ಲಲ್ರಿ."

"ಆ ಭಾಷಾ ಉದ್ದನ್ನದು."

ಹೀಗೆ ಬಹಳ ಹೊತ್ತು ನಡೆಯದು ಎಂದು ನನಗೆ ಗೊತ್ತಾಯಿತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಮಾವ ಕಾಣಿಸಿದ. ಗಡ್ಡದ ಮುದುಕ, ಬಲೆ ಹೆಣೆಯುತ್ತ ಕುಳಿತಿದ್ದ. ಅಲ್ಲಿಯವರೆಗಿನ ಅಷ್ಟೂ ಭಾಗಗಳಲ್ಲಿ ಆತ ಬಾಯಿ ತೆರೆದದ್ದೇ ಇಲ್ಲವಂತೆ. ಅವನೇ ನನಗೆ ಆಸರೆಯಾದ. ಬಾಯಿ ಮುಚ್ಚಿಕೊಂಡವನ ಬಾಯಲ್ಲಿ ಯಾವ ಮಾತನ್ನಾದರೂ ಇಡಬಹುದು.

"ಈಗ ಮಾವ ಮಾತಾಡಾಕತ್ತಾನ," ಎಂದೆ.

"ಮಾವ ಮಾತಾಡ್ತಾನ?"

"ಕಡೀ ಕಂತಲ್ಲ."

ಮೊದಲು ಆತ ಮಳೆಯ ಬಗ್ಗೆ ಹೇಳಿದ. ಈ ಗಾಳಿ ಯಾವ ಸಮುದ್ರದಿಂದ ಎದ್ದು ಯಾವ ಗುಡ್ಡಕ್ಕೆ ಬಡಿದು ಇಲ್ಲಿ ಮಳೆಯಾಗುತ್ತದೆ ಎಂದು ಹೆಂಡತಿಗೆ ತಿಳಿಸಿಕೊಟ್ಟ. ಗುಡ್ಡದ ಜೇನಿಗೆ ಆ ವಾಸನೆ ಯಾಕೆ, ಅದು ಮಣ್ಣಿನ ಗುಣವೋ ಹೂವಿನದೋ ಎಂದು ವಿವರಿಸಿದ. ಪರದೆಯ ಮೇಲೆ ಹುಡುಗ ದೋಣಿ ನೂಕುತ್ತಿದ್ದ, ಯಾರೋ ಓಡುತ್ತಿದ್ದರು, ಎಲ್ಲೋ ಗಂಟೆ ಮೊಳಗುತ್ತಿತ್ತು. ನಾನು ಅದನ್ನೆಲ್ಲ ನೋಡುವುದನ್ನು ಬಿಟ್ಟು ನಮ್ಮಾಕಿಯ ಮುಖ ನೋಡುತ್ತ ಹೇಳುತ್ತಿದ್ದೆ. ಕಪ್ಪು ಚಷ್ಮಾದ ಕೆಳಗೆ ಆಕೆಯ ತುಟಿಗಳು ತುಸು ತೆರೆದುಕೊಂಡಿದ್ದವು, ಕತೆ ಕೇಳುವ ಹುಡುಗಿಯರ ಹಾಗೆ. ಕಿಟಕಿಯಿಂದ ಇಳಿಬಿಸಿಲು ಬಂದು ಚಾದರಿನ ಮೇಲೆ ಕುಳಿತಿತ್ತು. ನನಗೆ ನಾವು ಮೂವರೂ ಆ ಕಡಲತೀರದ ಮನೆಯಲ್ಲೇ ಇದ್ದೇವೆ, ಹೊರಗೆ ದೋಣಿಗಳು ಅಲುಗಾಡುತ್ತಿವೆ ಎನಿಸಿತು.

ಮಾವ ಬಲೆಯನ್ನು ಕೆಳಗಿಟ್ಟ. "ಈಗ ಏನಂತಾನಂದ್ರ," ಎಂದೆ, "ನಾ ನಿನಗ ಒಂದ ಮಾತ ಕೊಟ್ಟಿದ್ದೆ. ಒಂದ ಸಣ್ಣ ಜಿನಸು ತಂದುಕೊಡ್ತೇನಿ ಅಂತ. ತರಾಕ ಅಂತ ಹೋದಾಂವ ದಾರಿಯಾಗ ದೋಣಿ ನೋಡ್ಕೊಂತ ನಿಂತೆ, ಹಕ್ಕಿ ನೋಡ್ಕೊಂತ ನಿಂತೆ, ಮಂದಿ ಊರಿನ ಬರ್ಫ ನೋಡ್ಕೊಂತ ನಿಂತೆ. ನೀ ಬಾಗಲದಾಗ ದಾರಿ ಕಾಯಾಕತ್ತೀ ಅನ್ನೂದು ಮರತಬಿಟ್ಟೆ. ಅದು ನನ್ನ ತಪ್ಪು. ಆ ಹುಡುಗಿ ಏನ್ ತಪ್ಪ ಮಾಡ್ಯಾಳ, ಆಕೀನ್ನ ಯಾಕ ಹೊರಗ ನಿಲ್ಲಸ್ತೀ."

ಫೋನಿನಲ್ಲಿ ಒಂದು ಕತ್ತೆ ಕೂಗಿತು.

"ಅದಕ್ಕ ಅತ್ತಿ ಏನಂದ್ಲು?" ಎಂದಳು ನಮ್ಮಾಕಿ.

ಅದು ನನಗೂ ಹೊಳೆಯಲಿಲ್ಲ. "ಏನೂ ಅನ್ನವಲ್ಲಳು," ಎಂದೆ.

"ಬ್ಯಾಸರ ಮಾಡ್ಕೊಂಡಿರ್ತಾಳ್ರಿ. ಆದ್ರ ಅಂವಾ ಹೇಳಿದ್ನಲ್ಲ ಬಾಯಿಬಿಟ್ಟು, ಅಷ್ಟ ಸಾಕು. ಚಿಲಕ ತಗದ್ಲೇನು?"

ನಾನು ಪರದೆ ನೋಡಿ ಎಷ್ಟೋ ಹೊತ್ತಾಗಿತ್ತು. ತಡಬಡಿಸಿ ಫೋನ್ ಹುಡುಕುವಷ್ಟರಲ್ಲಿ ಖುರ್ಚಿಯಿಂದ ಅಕ್ಕೋರು, ಹಾಜರಿ ಕೂಗುವ ದನಿಯಲ್ಲಿ ಹೇಳಿದರು: "ತಗದ್ಲು."

ನಮ್ಮಾಕಿ ಉಸಿರು ಬಿಟ್ಟು, ದಿಂಬಿಗೆ ತಲೆಯಿಟ್ಟು, ಹಾಗೆಯೇ ನಿದ್ದೆ ಹೋದಳು. ಅಕ್ಕೋರು ಹೋಗುವಾಗ ಬಾಗಿಲಲ್ಲಿ ನಿಂತು, "ಮಾಸ್ತರ, ನಿಮ್ಮ ಪೋರ್ಚುಗೀಸ್ ಭಾಳ ಛಲೋ ಐತಿ," ಎಂದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಕೆಯ ಕಣ್ಣು ಚೆನ್ನಾಗಿ ಬಂತು. ಕಟ್ಟೆಯ ಮೇಲೆ ಕುಳಿತು ಎದುರಿನ ಬೇವಿನ ಎಲೆ ಒಂದೊಂದೂ ಕಾಣುತ್ತದೆ ಎಂದು ದಿನಾ ಹೇಳುವಳು. ನನ್ನ ಅಂಗಿಯ ಮೇಲಿನ ಸಾರಿನ ಕಲೆ ಕಾಣುತ್ತದೆ ಎಂದೂ ಹೇಳುವಳು. ಮುಂದಿನ ತಿಂಗಳು, ಮೊಬೈಲ್ ನೋಡಬಹುದು ಎಂದು ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, ಒಂದು ಮಧ್ಯಾಹ್ನ ನಾನು ಕಟ್ಟೆಯಿಂದ ಒಳಗೆ ಬಂದರೆ ಫೋನು ಚೊಂಬಿಗೆ ಒರಗಿತ್ತು, ಎದುರಿಗೆ ನಮ್ಮಾಕಿ, ಪಕ್ಕಕ್ಕೆ ಅಕ್ಕೋರು. ಧಾರಾವಾಹಿಯ ಕೊನೆಯ ಭಾಗ ಹಿಂದಿ ಮಾತಿನ ಸಮೇತ ನಮ್ಮ ಪ್ರದೇಶದಲ್ಲೇ ಲಭ್ಯವಾಗಿತ್ತು.

ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಕಡೆಯ ಕಂತು ನಡೆಯುತ್ತಿತ್ತು. ಮಾವ ಬಲೆ ಹೆಣೆಯುತ್ತಿದ್ದ. ಅತ್ತೆ ಚಿಲಕ ಹಿಡಿದು ಅಳುತ್ತಿದ್ದಳು. ಮಾವ ತಲೆಯೆತ್ತಿ, "ಬಾಗಿಲು ತೆಗೆ, ಚಳಿ ಇದೆ," ಎಂದ. ಅತ್ತೆ ತೆಗೆದಳು. ಸೊಸೆ ಒಳಗೆ ಬಂದಳು. ಎಲ್ಲರೂ ರೊಟ್ಟಿಗೆ ಜೇನು ಹಚ್ಚಿಕೊಂಡು ತಿಂದರು. ಮುಗಿಯಿತು.

ಅಕ್ಕೋರು ಹೆಣಿಗೆಯ ಮನೆ ಎಣಿಸತೊಡಗಿದರು. ನಾನು ಹಿಂದಕ್ಕೆ ಹೆಜ್ಜೆಯಿಟ್ಟು ಕಟ್ಟೆಗೆ ಮರಳುವ ಯೋಚನೆಯಲ್ಲಿದ್ದೆ.

"ನಿಂದರ್ರಿ," ಎಂದಳು ನಮ್ಮಾಕಿ. "ಇದು ಸರಿ ಇಲ್ಲ. ಅವತ್ತು ಹಚ್ಚಿದ್ರಲ್ಲ, ಆ ದೇಶ ಹಚ್ರಿ."

"ಅದೂ ಇದ ಅಲ್ಲೇನು," ಎಂದೆ ಗೋಡೆಯ ಕ್ಯಾಲೆಂಡರ್ ನೋಡುತ್ತ.

"ಇದ ಹೆಂಗಾಗ್ತೈತ್ರಿ? ಇಲ್ಲಿ ಮಾವ ಬರೇ ಎರಡ ಮಾತಾಡಿ ಸುಮ್ಮನಾದ." ಹೊಸ ಕಣ್ಣಿನಿಂದ ನನ್ನನ್ನು ಅಂಗಿಯ ಕಲೆಯ ಸಮೇತ ನೋಡುತ್ತ ಫೋನನ್ನು ನನ್ನ ಕೈಗಿಟ್ಟಳು. "ಆ ದೇಶದಾಗ ಮಾವ ಮುಕ್ಕಾಲ ತಾಸು ಬಾಯಿ ಮುಚ್ಚಲಿಲ್ಲ, ಅತ್ತೀಗೆ ಒಂದ ಮಾತಾಡಾಕ ಸೈತ ಬಿಡಲಿಲ್ಲ. ನನಗ ಅದ ಖರೇ ಅನಿಸಿತ್ತು."